ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ: ದಂತವೈದ್ಯರಲ್ಲಿ ದೊರೆಯುವ ಪರಿಹಾರ

ಆಹಾರ, ನಿದ್ರೆ ಮತ್ತು ಬ್ರಹ್ಮಚರ್ಯ ಎಂಬ ಮೂರನ್ನು ಚರಕ ಸಂಹಿತೆಯು ಶರೀರದ ಉಪಸ್ತಂಭಗಳೆಂದು, ಎಂದರೆ ಆಧಾರದ ಕಂಬಗಳೆಂದು ಹೇಳಿದೆ. ಇವುಗಳಲ್ಲಿ ಆಹಾರದ ಬಗ್ಗೆ ನಮ್ಮ ಸದ್ಭಕ್ತರು ಸಾಕಷ್ಟು ವಿಚಾರಿಸುತ್ತಾರೆ. ಯಾವುದು ಪಥ್ಯ, ಯಾವುದು ಅಪಥ್ಯ ಎಂದು ಕೇಳಿ ತಿಳಿದುಕೊಳ್ಳುತ್ತಾರೆ. ಆದರೆ ನಿದ್ರೆಯ ಬಗ್ಗೆ ಕೇಳುವವರು ವಿರಳ. ಅದರಲ್ಲಿಯೂ ಗೊರಕೆಯನ್ನು ಒಂದು ಕಾಯಿಲೆಯ ಸೂಚನೆಯೆಂದು ಭಾವಿಸುವವರು ಇನ್ನೂ ವಿರಳ. ಗೊರಕೆ ಹೊಡೆಯುವವರು ನಿಶ್ಚಿಂತೆಯಿಂದ ಗಾಢವಾಗಿ ಮಲಗಿದ್ದಾರೆಂದು ಮನೆಯವರು ನಗುತ್ತಾರೆ, ಕುಂಭಕರ್ಣನಿಗೆ ಹೋಲಿಸುತ್ತಾರೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ಆ ನಗೆಯ ಹಿಂದೆ ಕೆಲವರ ಪ್ರಾಣವೇ ಅಪಾಯದಲ್ಲಿರುತ್ತದೆ ಎಂಬುದನ್ನೂ, ಅದಕ್ಕೆ ಇರುವ ಪರಿಹಾರಗಳಲ್ಲಿ ಒಂದು ದಂತವೈದ್ಯರ ಬಳಿಯಲ್ಲಿದೆ ಎಂಬುದನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಪೂಜೆಯಲ್ಲಿ ತೂಕಡಿಕೆ

ಕೆಲವು ವರ್ಷಗಳ ಹಿಂದೆ ಸುಮಾರು ಐವತ್ತೆರಡು ವಯಸ್ಸಿನ ಭಕ್ತರೊಬ್ಬರು ಪತ್ನಿಯೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಅವರದು ಕಿರಾಣಿ ವ್ಯಾಪಾರ. ಯಾವ ದುಶ್ಚಟವೂ ಇಲ್ಲ. ಅವರ ಸಂಕಟ ವಿಚಿತ್ರವಾಗಿತ್ತು. ಬೆಳಗಿನ ಇಷ್ಟಲಿಂಗ ಪೂಜೆಗೆ ಕುಳಿತು ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲಿಸಿದರೆ ಐದು ನಿಮಿಷದಲ್ಲಿ ತಲೆ ವಾಲುತ್ತದೆ. ಎರಡು ಸಲ ಲಿಂಗ ಕೈಯಿಂದ ಜಾರುವಂತಾಗಿ ಎಚ್ಚರವಾಗಿದೆ. ‘ನನ್ನ ಭಕ್ತಿನೇ ಕಡಿಮಿ ಆಗೇದ ಅನಸ್ತದ್ರೀ ಡಾಕ್ಟರ್ರ’ ಎಂದು ಅವರು ಕಣ್ಣು ತುಂಬಿಕೊಂಡರು.

ಅವರ ಪತ್ನಿ ಅಷ್ಟು ಹೊತ್ತು ಸುಮ್ಮನಿದ್ದವರು ಆಗ ಮಾತನಾಡಿದರು: ‘ಇವರು ಗೊರಕಿ ಹೊಡದ್ರ ನನಗೇನೂ ಅಂಜಿಕಿ ಇಲ್ರೀ. ಗೊರಕಿ ನಿಂತ್ರ ಅಂಜಿಕಿ ಬರ್ತದ್ರೀ. ಉಸಿರ ಇಲ್ಲದಂಗ ಮಲಗಿರ್ತಾರ. ಆಮ್ಯಾಲ ಒಮ್ಮಿಗೇ ನೀರಾಗ ಮುಳುಗಿ ಎದ್ದವರಂಗ ಉಸಿರು ಜಗ್ತಾರ.’

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಇದೇ ಭಕ್ತರು ಎರಡು ವರ್ಷಗಳ ಮೊದಲು ಗೊರಕೆಗೆ ಔಷಧ ಬೇಕೆಂದು ಬಂದಿದ್ದರು. ಆಗ ನಾವು ನಸ್ಯಕ್ಕೆ ತೈಲವನ್ನೂ ಕಫಹರವಾದ ಒಂದು ಚೂರ್ಣವನ್ನೂ ಕೊಟ್ಟು ಕಳುಹಿಸಿದ್ದೆವು. ರಾತ್ರಿ ಉಸಿರು ನಿಲ್ಲುತ್ತದೆಯೇ ಎಂದು ಕೇಳಿರಲಿಲ್ಲ. ಅದನ್ನು ಬಲ್ಲವರು ಅವರ ಪತ್ನಿಯೊಬ್ಬರೇ ಆಗಿದ್ದರು, ಅವರನ್ನು ನಾವು ಒಳಗೆ ಕರೆದಿರಲೇ ಇಲ್ಲ. ಎರಡು ವರ್ಷಗಳ ಕಾಲ ಆ ಮನುಷ್ಯರು ಕಾಯಿಲೆಯನ್ನು ಭಕ್ತಿಯ ಕೊರತೆಯೆಂದು ತಿಳಿದು ನೊಂದದ್ದರಲ್ಲಿ ನಮ್ಮ ಪಾಲೂ ಇದೆ. ಇನ್ನೊಬ್ಬರಿಗೆ ಹಾಗಾಗಬಾರದೆಂದೇ ಈ ಬರಹ.

ಉಸಿರು ಕಟ್ಟುವುದು ಹೇಗೆ?

ಮೂಗಿನಿಂದ ಒಳಹೊಕ್ಕ ಗಾಳಿಯು ಮೃದು ಅಂಗುಳ ಮತ್ತು ಕಿರುನಾಲಿಗೆಗಳ ಹಿಂದಿನಿಂದ, ಬಳಿಕ ನಾಲಿಗೆಯ ಬುಡದ ಹಿಂದಿನಿಂದ ಇಳಿದು ಶ್ವಾಸನಾಳವನ್ನು ಸೇರುತ್ತದೆ. ಈ ದಾರಿಗೆ ಎಲುಬಿನ ಗೋಡೆಯಿಲ್ಲ, ಇರುವುದು ಮಾಂಸಪೇಶಿಗಳ ಗೋಡೆ. ಎಚ್ಚರವಾಗಿರುವಾಗ ಈ ಪೇಶಿಗಳು ಬಿಗಿಯಾಗಿದ್ದು ದಾರಿಯನ್ನು ತೆರೆದಿಡುತ್ತವೆ. ನಿದ್ರೆಯಲ್ಲಿ ಅವು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದಾಗ ನಾಲಿಗೆ ತನ್ನ ಭಾರಕ್ಕೆ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾಗಿ, ಅದರಲ್ಲಿ ನುಗ್ಗುವ ಗಾಳಿ ಅಂಗುಳನ್ನೂ ಕಿರುನಾಲಿಗೆಯನ್ನೂ ಕಂಪಿಸುವಂತೆ ಮಾಡುತ್ತದೆ. ಆ ಸದ್ದೇ ಗೊರಕೆ.

ದಾರಿ ಇನ್ನೂ ಕಿರಿದಾಗಿ ಪೂರ್ತಿ ಮುಚ್ಚಿದರೆ ಸದ್ದು ನಿಲ್ಲುತ್ತದೆ, ಏಕೆಂದರೆ ಗಾಳಿಯ ಸಂಚಾರವೇ ನಿಂತಿರುತ್ತದೆ. ಎದೆಯೂ ಹೊಟ್ಟೆಯೂ ಉಸಿರಿಗಾಗಿ ಹೆಣಗುತ್ತಿರುತ್ತವೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಗೊಂಡು ಕ್ಷಣಕಾಲ ಎಚ್ಚರಿಸುತ್ತದೆ, ಪೇಶಿಗಳು ಬಿಗಿಯಾಗುತ್ತವೆ, ದೊಡ್ಡ ಸದ್ದಿನೊಡನೆ ಉಸಿರು ಮರಳುತ್ತದೆ. ಮಲಗಿದವರಿಗೆ ಈ ಎಚ್ಚರದ ನೆನಪೇ ಇರುವುದಿಲ್ಲ. ಹೀಗೆ ವಯಸ್ಕರಲ್ಲಿ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಸಿರು ನಿಲ್ಲುವುದನ್ನು ಆಧುನಿಕ ವೈದ್ಯಶಾಸ್ತ್ರ ಅಪ್ನಿಯಾ ಎನ್ನುತ್ತದೆ. ರಾತ್ರಿಯಿಡೀ ಇದು ಮರುಕಳಿಸುವ ಕಾಯಿಲೆಯೇ ಸ್ಲೀಪ್ ಅಪ್ನಿಯಾ, ಎಂದರೆ ನಿದ್ರಾ ಶ್ವಾಸಾವರೋಧ.

ನಮ್ಮ ಪೂರ್ವಾಚಾರ್ಯರು ಇದನ್ನು ಗಮನಿಸದೆ ಇರಲಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ಅತಿಸ್ಥೌಲ್ಯದ ಲಕ್ಷಣಗಳನ್ನು ಹೇಳುವಾಗ ಅತಿನಿದ್ರೆ, ಬೆವರು, ಕ್ಷುದ್ರಶ್ವಾಸಗಳ ಜೊತೆಗೆ ‘ಕ್ರಥನ’ ಎಂಬ ಪದ ಬರುತ್ತದೆ. ಉಸಿರು ಒಮ್ಮೆಲೇ ಕಟ್ಟುವುದು ಎಂದು ಅದರ ಅರ್ಥ. ಮೇದಸ್ಸು ಹೆಚ್ಚಿದವರಲ್ಲಿ ನಿದ್ರೆಯೂ ಉಸಿರುಕಟ್ಟುವಿಕೆಯೂ ಕೂಡಿ ಕಾಣುತ್ತವೆಂಬ ಆ ಅವಲೋಕನ ಇಂದಿಗೂ ಸತ್ಯ. ಆದರೆ ಈ ಕಾಯಿಲೆ ಸ್ಥೂಲಕಾಯರಿಗೆ ಮಾತ್ರ ಬರುತ್ತದೆಂದು ತಿಳಿಯಬಾರದು. ಗಲ್ಲ ಹಿಂದೆ ಸರಿದಿರುವವರು, ಕೆಳದವಡೆ ಚಿಕ್ಕದಾಗಿರುವವರು, ಅಂಗುಳು ಕಿರಿದಾಗಿರುವವರು ಸಣಕಲಾಗಿದ್ದರೂ ಇದಕ್ಕೆ ತುತ್ತಾಗುತ್ತಾರೆ. ಬಾಯಿ ಮತ್ತು ದವಡೆಗಳ ರಚನೆಯೇ ಇಲ್ಲಿ ಒಂದು ಕಾರಣವಾಗಿರುವುದರಿಂದಲೇ ದಂತವೈದ್ಯರಿಗೆ ಈ ಕಾಯಿಲೆಯಲ್ಲಿ ಪಾತ್ರವಿದೆ.

ಅಲಕ್ಷಿಸಿದರೆ ಏನಾಗುತ್ತದೆ?

ಉಸಿರು ನಿಂತಾಗಲೆಲ್ಲ ರಕ್ತದೊತ್ತಡ ಏರುತ್ತದೆ, ಹೃದಯದ ಮೇಲೆ ಭಾರ ಬೀಳುತ್ತದೆ. ಮೂರು ನಾಲ್ಕು ಮಾತ್ರೆ ತೆಗೆದುಕೊಂಡರೂ ರಕ್ತದೊತ್ತಡ ಇಳಿಯದಿರುವವರಲ್ಲಿ ಅನೇಕರಿಗೆ ಈ ಕಾಯಿಲೆ ಇರುತ್ತದೆ. ಹೃದಯ ಬಡಿತದ ಲಯ ತಪ್ಪುವಿಕೆ, ಪಾರ್ಶ್ವವಾಯು ಮತ್ತು ಮಧುಮೇಹಗಳೊಂದಿಗೂ ಇದಕ್ಕೆ ನಂಟಿದೆ. ಹಗಲಿನ ತೂಕಡಿಕೆಯಂತೂ ವಾಹನ ನಡೆಸುವವರಿಗೆ ನೇರವಾದ ಪ್ರಾಣಾಪಾಯ. ಜಾತ್ರೆ, ಮದುವೆಗಳಿಗಾಗಿ ರಾತ್ರಿಯಿಡೀ ವಾಹನ ನಡೆಸುವ ಚಾಲಕರಿಗೆ ಈ ಕಾಯಿಲೆ ಇದ್ದರೆ ಹಿಂದೆ ಕುಳಿತವರೆಲ್ಲರ ಪ್ರಾಣವೂ ಆ ಒಂದು ತೂಕಡಿಕೆಯ ಮೇಲೆ ನಿಂತಿರುತ್ತದೆ.

ಆದುದರಿಂದ ಕೆಳಗಿನ ಎಂಟು ಪ್ರಶ್ನೆಗಳನ್ನು ಮನೆಯಲ್ಲಿಯೇ ಕೇಳಿಕೊಳ್ಳಬೇಕು. ಪ್ರಪಂಚದ ಹಲವೆಡೆ ವೈದ್ಯರು ಬಳಸುವ ಪ್ರಶ್ನಾವಳಿಯಿದು.

1. ಮುಚ್ಚಿದ ಬಾಗಿಲಿನ ಆಚೆಗೂ ಕೇಳಿಸುವಷ್ಟು ಗೊರಕೆಯಿದೆಯೇ?
2. ಹಗಲಿನಲ್ಲಿ ಆಯಾಸ, ತೂಕಡಿಕೆ ಇದೆಯೇ?
3. ನಿದ್ರೆಯಲ್ಲಿ ಉಸಿರು ನಿಲ್ಲುವುದನ್ನು ಯಾರಾದರೂ ಕಂಡಿದ್ದಾರೆಯೇ?
4. ರಕ್ತದೊತ್ತಡ ಇದೆಯೇ, ಅಥವಾ ಅದಕ್ಕೆ ಮಾತ್ರೆ ನಡೆದಿದೆಯೇ?
5. ದೇಹದ ತೂಕ ಮಿತಿಮೀರಿದೆಯೇ, ಎಂದರೆ ದೇಹತೂಕ ಸೂಚ್ಯಂಕ 35ಕ್ಕಿಂತ ಹೆಚ್ಚಿದೆಯೇ?
6. ವಯಸ್ಸು 50 ದಾಟಿದೆಯೇ?
7. ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚಿದೆಯೇ?
8. ಗಂಡಸರೇ?

ಮೂರು ಅಥವಾ ಹೆಚ್ಚು ಪ್ರಶ್ನೆಗಳಿಗೆ ‘ಹೌದು’ ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣಬೇಕು. ಎದ್ದ ಕೂಡಲೇ ತಲೆನೋವು, ಬಾಯಿ ಒಣಗುವುದು, ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುವುದು, ಮರೆವು, ಸಿಡುಕುತನ ಇವೂ ಈ ಕಾಯಿಲೆಯ ಸೂಚನೆಗಳೇ.

ತಾಯಂದಿರಿಗೆ ಒಂದು ಮಾತು. ಎಂಟನೆಯ ಪ್ರಶ್ನೆಯನ್ನು ಕಂಡು ಇದು ಗಂಡಸರ ಕಾಯಿಲೆಯೆಂದು ಸುಮ್ಮನಾಗಬೇಡಿ. ಮುಟ್ಟು ನಿಂತ ಬಳಿಕ ಹೆಣ್ಣುಮಕ್ಕಳಲ್ಲಿಯೂ ಇದು ಹೆಚ್ಚುತ್ತದೆ. ಗೊರಕೆಯ ವಿಷಯ ಹೇಳಲು ನಾಚಿ, ಬರೀ ನಿಶ್ಶಕ್ತಿ, ನಿದ್ದೆ ಬರುವುದಿಲ್ಲ ಎಂದು ಹೇಳುವವರೇ ಹೆಚ್ಚು. ಅವರಿಗೆ ಟಾನಿಕ್ಕು, ನಿದ್ರೆಯ ಮಾತ್ರೆ ಸಿಗುತ್ತವೆ, ಕಾಯಿಲೆ ಹಾಗೆಯೇ ಉಳಿಯುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಗೊರಕೆಯ ಸದ್ದನ್ನು ಕೇಳಿ ಕಾಯಿಲೆಯ ತೀವ್ರತೆಯನ್ನು ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ನಾಡಿ ನೋಡಿಯೂ ಹೇಳಲಾಗದು. ಅದಕ್ಕೆ ನಿದ್ರಾ ಪರೀಕ್ಷೆ, ಎಂದರೆ ಸ್ಲೀಪ್ ಸ್ಟಡಿ ಆಗಬೇಕು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ಮಿದುಳಿನ ಅಲೆಗಳು, ಕಣ್ಣಿನ ಚಲನೆ, ಹೃದಯದ ಬಡಿತ, ಮೂಗಿನ ಗಾಳಿಯ ಹರಿವು, ಎದೆ ಹೊಟ್ಟೆಗಳ ಏರಿಳಿತ, ರಕ್ತದ ಆಮ್ಲಜನಕ ಇವನ್ನೆಲ್ಲ ದಾಖಲಿಸುತ್ತಾರೆ. ಕೆಲವರಿಗೆ ಮನೆಯಲ್ಲಿಯೇ ಚಿಕ್ಕ ಉಪಕರಣ ಕಟ್ಟಿ ಪರೀಕ್ಷಿಸುವುದೂ ಸಾಕಾಗುತ್ತದೆ. ಶ್ವಾಸಕೋಶ ತಜ್ಞರು, ಕಿವಿ ಮೂಗು ಗಂಟಲು ತಜ್ಞರು ಅಥವಾ ನರರೋಗ ತಜ್ಞರು ಇದನ್ನು ಮಾಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಪರೀಕ್ಷೆಯ ಸೌಲಭ್ಯವಿದೆ. ಜಿಲ್ಲಾ ಕೇಂದ್ರಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ವಿಚಾರಿಸಬಹುದು.

ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರ ಕುಗ್ಗಿತು ಎಂಬುದನ್ನು ಪರೀಕ್ಷೆಯ ವರದಿ ತಿಳಿಸುತ್ತದೆ. ವಯಸ್ಕರಲ್ಲಿ ಅದು 5ಕ್ಕಿಂತ ಕಡಿಮೆಯಿದ್ದರೆ ಸಹಜ. 5ರಿಂದ 15ರ ಒಳಗಿದ್ದರೆ ಸೌಮ್ಯ, 15ರಿಂದ 30ರ ಒಳಗಿದ್ದರೆ ಮಧ್ಯಮ, 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ. ಉಸಿರು ನಿಲ್ಲಲು ಗಂಟಲಿನ ತಡೆ ಕಾರಣವೋ, ಅಥವಾ ಉಸಿರಾಡೆಂಬ ಆಜ್ಞೆಯನ್ನು ಮಿದುಳೇ ಕಳುಹಿಸುತ್ತಿಲ್ಲವೋ ಎಂಬುದೂ ಇದರಿಂದ ತಿಳಿಯುತ್ತದೆ. ಎರಡನೆಯ ಬಗೆಯಲ್ಲಿ ದಂತ ಚಿಕಿತ್ಸೆಯಿಂದ ಪ್ರಯೋಜನವಿಲ್ಲ. ಪರೀಕ್ಷೆಯಿಲ್ಲದೆ ನೇರವಾಗಿ ಗೊರಕೆಯ ಸಾಧನ ಹಾಕಿಸಿಕೊಳ್ಳಬಾರದೆಂಬುದಕ್ಕೆ ಇದೇ ಕಾರಣ. ಸದ್ದು ಅಡಗಬಹುದು, ಮನೆಯವರಿಗೆ ನಿದ್ದೆ ಬರಬಹುದು, ಆದರೆ ಉಸಿರು ಮೊದಲಿನಂತೆಯೇ ನಿಲ್ಲುತ್ತಿರಬಹುದು.

ತೀವ್ರವಾದ ಕಾಯಿಲೆಗೆ ಮೊದಲ ಚಿಕಿತ್ಸೆ ಸಿ-ಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ವೈದ್ಯಲೋಕದ ಮುಂದಿಟ್ಟರು. ಮೂಗಿಗೆ ಕಟ್ಟಿದ ಮಾಸ್ಕಿನ ಮೂಲಕ ಸಣ್ಣ ಒತ್ತಡದ ಗಾಳಿಯನ್ನು ಸತತವಾಗಿ ಹರಿಸಿ, ಆ ಗಾಳಿಯ ಬಲದಿಂದಲೇ ಗಂಟಲನ್ನು ತೆರೆದಿಡುವುದು ಅದರ ತಂತ್ರ. ಉಸಿರುಕಟ್ಟುವಿಕೆಯನ್ನು ತಡೆಯುವುದರಲ್ಲಿ ಇದಕ್ಕೆ ಸರಿಸಾಟಿಯಿಲ್ಲ. ಆದರೆ ರಾತ್ರಿಯಿಡೀ ಮಾಸ್ಕ್ ಧರಿಸಲಾಗದೆ ಕೆಲವೇ ವಾರಗಳಲ್ಲಿ ಅದನ್ನು ಪೆಟ್ಟಿಗೆಗೆ ಸೇರಿಸುವವರು ಬಹಳ. ಕಪಾಟಿನಲ್ಲಿಟ್ಟ ಯಂತ್ರ ಯಾರ ಉಸಿರನ್ನೂ ಕಾಯುವುದಿಲ್ಲ. ಇಂಥವರಿಗೂ, ಸೌಮ್ಯ ಮತ್ತು ಮಧ್ಯಮ ಕಾಯಿಲೆಯವರಿಗೂ, ಕಾಯಿಲೆಯಿಲ್ಲದೆ ಬರೀ ಗೊರಕೆಯಿರುವವರಿಗೂ ದಂತವೈದ್ಯರ ಸಾಧನ ಒಂದು ಮಾರ್ಗ. ಅಮೆರಿಕದ ನಿದ್ರಾ ವೈದ್ಯರು ಮತ್ತು ನಿದ್ರಾ ದಂತವೈದ್ಯರ ಸಂಘಗಳು ಕೂಡಿ 2015ರಲ್ಲಿ ಹೊರತಂದ ಮಾರ್ಗಸೂಚಿಯೂ ಸಿ-ಪ್ಯಾಪ್ ಸಹಿಸಲಾಗದವರಿಗೆ ಇದನ್ನು ಸೂಚಿಸುತ್ತದೆ.

ದವಡೆಯನ್ನು ಮುಂದಿರಿಸುವ ಸಾಧನ

ಪ್ರಜ್ಞೆ ತಪ್ಪಿದವರಿಗೆ ಪ್ರಥಮ ಚಿಕಿತ್ಸೆ ನೀಡುವಾಗ ಕೆಳದವಡೆಯ ಎರಡೂ ಮೂಲೆಗಳನ್ನು ಹಿಡಿದು ಮುಂದಕ್ಕೆ ಎತ್ತುವುದನ್ನು ಕೆಲವರು ನೋಡಿರಬಹುದು. ನಾಲಿಗೆಯ ಮುಖ್ಯ ಪೇಶಿಯು ಕೆಳದವಡೆಯ ಮುಂಭಾಗದ ಒಳಮೈಗೆ ಅಂಟಿಕೊಂಡಿದೆ. ಆದ್ದರಿಂದ ದವಡೆ ಮುಂದೆ ಬಂದರೆ ನಾಲಿಗೆಯೂ ಮುಂದೆ ಬರುತ್ತದೆ, ಗಂಟಲು ತೆರೆದುಕೊಳ್ಳುತ್ತದೆ. ದಂತವೈದ್ಯರು ಮಾಡಿಕೊಡುವ ಸಾಧನವು ಇದೇ ಕೆಲಸವನ್ನು ರಾತ್ರಿಯಿಡೀ ಮೆಲ್ಲಗೆ ಮಾಡುತ್ತದೆ. ಇದು ಇತ್ತೀಚಿನ ಕಲ್ಪನೆಯೇನಲ್ಲ. ಹುಟ್ಟಿನಿಂದಲೇ ದವಡೆ ಚಿಕ್ಕದಾಗಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರುಗಟ್ಟುವ ಮಕ್ಕಳಿಗಾಗಿ ಪಿಯರ್ ರಾಬಿನ್ ಎಂಬ ಫ್ರೆಂಚ್ ವೈದ್ಯರು 20ನೆಯ ಶತಮಾನದ ಆರಂಭದಲ್ಲಿಯೇ ಇಂಥ ಸಾಧನವನ್ನು ಬಳಸಿದ್ದರು.

ಮೇಲಿನ ಹಲ್ಲುಗಳಿಗೊಂದು, ಕೆಳಗಿನ ಹಲ್ಲುಗಳಿಗೊಂದು ಕವಚ. ಇವೆರಡನ್ನೂ ಕೂಡಿಸುವ ಪಟ್ಟಿ ಅಥವಾ ತಿರುಪು. ಸಾಧನವೆಂದರೆ ಇಷ್ಟೇ. ದಂತವೈದ್ಯರು ಮೊದಲು ಹಲ್ಲು, ವಸಡು ಮತ್ತು ದವಡೆಯ ಕೀಲುಗಳನ್ನು ಪರೀಕ್ಷಿಸುತ್ತಾರೆ. ಹುಳುಕಿದ್ದರೆ ತುಂಬುತ್ತಾರೆ, ವಸಡಿನ ರೋಗವಿದ್ದರೆ ಮೊದಲು ಅದನ್ನು ಗುಣಪಡಿಸುತ್ತಾರೆ. ಬಳಿಕ ಹಲ್ಲುಗಳ ಅಚ್ಚು ತೆಗೆದು, ಕೆಳದವಡೆಯನ್ನು ಎಷ್ಟು ಮುಂದಕ್ಕೆ ಚಾಚಲು ಸಾಧ್ಯವೆಂದು ಅಳೆದು, ಸಾಮಾನ್ಯವಾಗಿ ಅದರ ಅರ್ಧದಷ್ಟು ಅಥವಾ ತುಸು ಹೆಚ್ಚು ಮುಂದಕ್ಕೆ ಇರಿಸಿ ಸಾಧನವನ್ನು ತಯಾರಿಸುತ್ತಾರೆ. ಮುಂದಿನ ವಾರಗಳಲ್ಲಿ ತಿರುಪನ್ನು ಒಂದಿಷ್ಟೊಂದಿಷ್ಟೇ ತಿರುಗಿಸುತ್ತ, ಒಂದು ಸಲಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ ಮುಂದಕ್ಕೆ ತರುತ್ತಾರೆ. ಗೊರಕೆ ಅಡಗಿ ಹಗಲಿನ ತೂಕಡಿಕೆ ನೀಗಿದಲ್ಲಿಗೆ ನಿಲ್ಲಿಸುತ್ತಾರೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಸಾಧನವನ್ನು ಧರಿಸಿಕೊಂಡೇ ಮತ್ತೊಮ್ಮೆ ನಿದ್ರಾ ಪರೀಕ್ಷೆ ಮಾಡಿಸಬೇಕು. ಸ್ಥೂಲವಾಗಿ ಹೇಳುವುದಾದರೆ ಮೂವರಲ್ಲಿ ಒಬ್ಬರಿಗೆ ಪೂರ್ಣ ಗುಣ, ಒಬ್ಬರಿಗೆ ಭಾಗಶಃ ಗುಣ ದೊರೆತರೆ ಇನ್ನೊಬ್ಬರಿಗೆ ಹೇಳಿಕೊಳ್ಳುವಂಥ ಪ್ರಯೋಜನವಾಗುವುದಿಲ್ಲ. ತಾವು ಯಾವ ಗುಂಪಿನವರೆಂದು ಪರೀಕ್ಷೆಯೇ ಹೇಳಬೇಕು. ತೂಕ ಹೆಚ್ಚಿಲ್ಲದವರಿಗೆ, ಕೆಳದವಡೆ ಹಿಂದೆ ಸರಿದಿರುವವರಿಗೆ, ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಗುಣ ಕಾಣುವ ಸಾಧ್ಯತೆ ಹೆಚ್ಚು. ಸಿ-ಪ್ಯಾಪ್‌ನಷ್ಟು ಬಲಶಾಲಿಯಲ್ಲದಿದ್ದರೂ ಜನರು ಇದನ್ನು ಹೆಚ್ಚು ಹೊತ್ತು, ಹೆಚ್ಚು ರಾತ್ರಿ ಧರಿಸುತ್ತಾರೆಂಬುದು ಇದರ ದೊಡ್ಡ ಗುಣ. ವಿದ್ಯುತ್ ಬೇಡ, ಸದ್ದಿಲ್ಲ, ಪ್ರವಾಸದಲ್ಲಿ ಚಿಕ್ಕ ಡಬ್ಬಿಯಲ್ಲಿ ಒಯ್ಯಬಹುದು.

ಯಾರಿಗೆ ಆಗದು?

ಸಾಧನಕ್ಕೆ ಹಿಡಿತ ಸಿಗಲು ಎರಡೂ ದವಡೆಗಳಲ್ಲಿ ಸಾಕಷ್ಟು ಗಟ್ಟಿಯಾದ ಹಲ್ಲುಗಳು ಇರಬೇಕು. ವಸಡು ಕುಸಿದು ಹಲ್ಲು ಅಲುಗಾಡುವವರಿಗೆ, ದವಡೆಯ ಕೀಲಿನಲ್ಲಿ ನೋವಿರುವವರಿಗೆ, ದವಡೆಯನ್ನು ಮುಂದಕ್ಕೆ ಚಾಚಲಾಗದವರಿಗೆ ಇದು ಒಗ್ಗುವುದಿಲ್ಲ. ಗುಟ್ಕಾ, ತಂಬಾಕು, ಅಡಿಕೆಗಳನ್ನು ವರ್ಷಗಟ್ಟಲೆ ಅಗಿದು ಬಾಯಿಯ ಒಳಚರ್ಮ ಬಿಗಿದು ಎರಡು ಬೆರಳಿನಷ್ಟೂ ಬಾಯಿ ತೆರೆಯಲಾಗದವರನ್ನು ನಾವು ಬಹಳ ಕಾಣುತ್ತೇವೆ. ಅಂಥವರಿಗೆ ಅಚ್ಚು ತೆಗೆಯುವುದೇ ಕಷ್ಟ. ಆ ಚಟ ಕಸಿದುಕೊಳ್ಳುವ ಅನೇಕ ಅವಕಾಶಗಳಲ್ಲಿ ಇದೂ ಒಂದು.

ಹಲ್ಲೇ ಇಲ್ಲದವರಿಗೆ ನಾಲಿಗೆಯನ್ನು ಹಿಡಿದಿಡುವ ಬೇರೊಂದು ಸಾಧನವಿದೆ. ಮೃದುವಾದ ಗುಳ್ಳೆಯಂಥ ಅದರ ಮುಂಭಾಗದೊಳಗೆ ನಾಲಿಗೆಯ ತುದಿಯನ್ನಿಟ್ಟರೆ ಹೀರುವ ಬಲದಿಂದ ಅದು ನಾಲಿಗೆಯನ್ನು ಮುಂದಕ್ಕೆ ಹಿಡಿದಿರುತ್ತದೆ. ಆದರೆ ಇದನ್ನು ರೂಢಿಸಿಕೊಳ್ಳುವುದು ಹಲವರಿಗೆ ಕಷ್ಟವಾಗುತ್ತದೆ.

ತೊಂದರೆಗಳು ಮತ್ತು ಎಚ್ಚರಿಕೆಗಳು

ಆರಂಭದಲ್ಲಿ ಜೊಲ್ಲು ಹೆಚ್ಚು ಸುರಿಯುತ್ತದೆ ಅಥವಾ ಬಾಯಿ ಒಣಗುತ್ತದೆ. ಬೆಳಿಗ್ಗೆ ಎದ್ದಾಗ ಹಲ್ಲು ನೋಯುತ್ತವೆ, ದವಡೆ ಬಿಗಿದಂತಾಗುತ್ತದೆ, ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂಡುತ್ತಿಲ್ಲವೆನಿಸುತ್ತದೆ. ಇವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತವೆ. ಆದರೆ ವರ್ಷಗಳ ಬಳಕೆಯಿಂದ ಹಲ್ಲುಗಳು ತುಸು ಸರಿದು ಕಚ್ಚುವ ರೀತಿ ಕಾಯಂ ಆಗಿ ಬದಲಾಗಬಹುದು. ಆದುದರಿಂದ ಮೊದಲ ವರ್ಷದಲ್ಲಿ ಆರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ತೋರಿಸಬೇಕು. ಸಾಧನವನ್ನು ದಿನವೂ ತಣ್ಣೀರಿನಲ್ಲಿ ಮೃದುವಾದ ಬ್ರಷ್ಷಿನಿಂದ ತೊಳೆಯಬೇಕು. ಬಿಸಿನೀರು ತಾಗಿದರೆ ಅದರ ಆಕಾರ ಕೆಡುತ್ತದೆ.

ಬಿಸಿನೀರಿನಲ್ಲಿ ಅದ್ದಿ ಕಚ್ಚಿಕೊಂಡರೆ ಸಾಕೆಂದು ಮಾರಾಟವಾಗುವ ಸಿದ್ಧ ಸಾಧನಗಳ ಜಾಹೀರಾತನ್ನು ಮೊಬೈಲಿನಲ್ಲಿ ಅನೇಕರು ನೋಡಿರುತ್ತಾರೆ. ಅವು ಅಗ್ಗ, ಆದರೆ ಸರಿಯಾಗಿ ಕೂರುವುದಿಲ್ಲ, ಮುಂದಕ್ಕೆ ತರುವ ಅಳತೆಯ ಮೇಲೆ ಹಿಡಿತವಿರುವುದಿಲ್ಲ. ಅಚ್ಚು ತೆಗೆದು ಮಾಡಿದ, ಹೊಂದಿಸಲು ಬರುವ ಸಾಧನವೇ ಮೇಲು. ಅದಕ್ಕೆ ಖರ್ಚು ಕಡಿಮೆಯೇನಲ್ಲ. ಆದುದರಿಂದ ಒಟ್ಟು ವೆಚ್ಚ, ಮರುಹೊಂದಿಕೆಯ ಭೇಟಿಗಳ ವೆಚ್ಚ ಎಲ್ಲವನ್ನೂ ಮೊದಲೇ ಕೇಳಿ ತಿಳಿಯಬೇಕು. ಈ ಕೆಲಸವನ್ನು ಎಲ್ಲ ದಂತವೈದ್ಯರೂ ಮಾಡುವುದಿಲ್ಲ. ಹತ್ತಿರದ ದಂತ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಕೃತಕ ದಂತ ವಿಭಾಗ ಅಥವಾ ವಕ್ರದಂತ ಚಿಕಿತ್ಸಾ ವಿಭಾಗದಲ್ಲಿ ವಿಚಾರಿಸುವುದು ಉತ್ತಮ.

ಶಸ್ತ್ರಚಿಕಿತ್ಸೆ ಮತ್ತು ಮಕ್ಕಳ ವಿಷಯ

ದವಡೆಯ ರಚನೆಯೇ ಮುಖ್ಯ ಕಾರಣವಾಗಿದ್ದು, ಕಾಯಿಲೆ ತೀವ್ರವಾಗಿದ್ದು, ಬೇರಾವ ಚಿಕಿತ್ಸೆಯೂ ಒಗ್ಗದವರಿಗೆ ದವಡೆಗಳನ್ನು ಮುಂದಕ್ಕೆ ತರುವ ಶಸ್ತ್ರಚಿಕಿತ್ಸೆಯಿದೆ. ಮುಖ ಮತ್ತು ದವಡೆ ಶಸ್ತ್ರಚಿಕಿತ್ಸಕರು ಎರಡೂ ದವಡೆಗಳ ಎಲುಬನ್ನು ಕತ್ತರಿಸಿ, ಸುಮಾರು ಒಂದು ಸೆಂಟಿಮೀಟರಿನಷ್ಟು ಮುಂದಕ್ಕೆ ತಂದು, ಲೋಹದ ಪಟ್ಟಿಗಳಿಂದ ಬಿಗಿಯುತ್ತಾರೆ. ಫಲ ಉತ್ತಮವಾದರೂ ಇದು ದೊಡ್ಡ ಶಸ್ತ್ರಚಿಕಿತ್ಸೆ. ಚೇತರಿಕೆಗೆ ವಾರಗಳು ಬೇಕು, ಕೆಳತುಟಿ ಗಲ್ಲಗಳು ಜೋಮು ಹಿಡಿದಂತೆ ಉಳಿಯುವ ಸಂಭವವೂ ಇದೆ. ಚೆನ್ನಾಗಿ ಆಲೋಚಿಸಿಯೇ ನಿರ್ಧರಿಸಬೇಕು.

ಮಕ್ಕಳಲ್ಲಿ ದಿನವೂ ಗೊರಕೆ ಎಂದಿಗೂ ಸಹಜವಲ್ಲ. ಬಾಯಿ ತೆರೆದು ಮಲಗುವ, ಹಾಸಿಗೆ ಒದ್ದೆ ಮಾಡುವ, ಪಾಠದಲ್ಲಿ ಮನಸ್ಸು ನಿಲ್ಲದ, ಅತಿಯಾಗಿ ಚಡಪಡಿಸುವ ಮಕ್ಕಳ ಹಿಂದೆ ಕೆಲವೊಮ್ಮೆ ಇದೇ ಕಾಯಿಲೆಯಿರುತ್ತದೆ. ಪ್ರಸಾದ ನಿಲಯಗಳ ಮೇಲ್ವಿಚಾರಕರು ಇದನ್ನು ಗಮನಿಸಿ ಪೋಷಕರಿಗೆ ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ಆ ಮಗುವನ್ನು ದಡ್ಡನೆಂದೋ ಸೋಮಾರಿಯೆಂದೋ ದಂಡಿಸಬಾರದು. ಮಕ್ಕಳಲ್ಲಿ ಹೆಚ್ಚಾಗಿ ಟಾನ್ಸಿಲ್ ಮತ್ತು ಅಡಿನಾಯ್ಡ್ ಗ್ರಂಥಿಗಳು ಊದಿರುವುದು ಕಾರಣ, ಅದಕ್ಕೆ ಕಿವಿ ಮೂಗು ಗಂಟಲು ತಜ್ಞರನ್ನು ಮೊದಲು ಕಾಣಬೇಕು. ಅಂಗುಳು ಕಿರಿದಾಗಿದ್ದರೆ ವಕ್ರದಂತ ತಜ್ಞರು ತಿರುಪಿರುವ ಸಾಧನವೊಂದನ್ನು ಅಂಗುಳಿಗೆ ಕೂರಿಸಿ ಅದನ್ನು ಮೆಲ್ಲಮೆಲ್ಲನೆ ಅಗಲಗೊಳಿಸುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಇದು ಸುಲಭ.

ನಮ್ಮ ಪದ್ಧತಿಯ ಪಾಲು

ಆಯುರ್ವೇದ ವೈದ್ಯರಾಗಿ ನಾವು ಪ್ರಾಮಾಣಿಕವಾಗಿ ಹೇಳಬೇಕಾದ ಮಾತಿದು. ಮಲಗಿದಾಗ ಹಿಂದಕ್ಕೆ ಬೀಳುವ ನಾಲಿಗೆಯನ್ನು ಯಾವ ಕಷಾಯವೂ ಹಿಡಿದು ನಿಲ್ಲಿಸಲಾರದು. ನಸ್ಯದಿಂದ ಮೂಗು ಹಗುರವಾದೀತು, ಗಂಟಲಿನ ತಡೆ ಹೋಗದು. ಆದರೆ ಕಾಯಿಲೆಗೆ ನೀರೆರೆಯುವ ಮೇದೋವೃದ್ಧಿಯನ್ನು ತಡೆಯುವುದರಲ್ಲಿ ನಮ್ಮ ಶಾಸ್ತ್ರದ ದಿನಚರ್ಯೆಗೆ ದೊಡ್ಡ ಸ್ಥಾನವಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹದ ತೂಕ ನೂರಕ್ಕೆ 10ರಷ್ಟು ಇಳಿದರೆ ಉಸಿರು ನಿಲ್ಲುವ ಸಂಖ್ಯೆಯೂ ಸುಮಾರು ಕಾಲು ಭಾಗದಷ್ಟು ಇಳಿಯುತ್ತದೆಂದು ಕಂಡುಬಂದಿದೆ. ಎಂಬತ್ತು ಕಿಲೋ ತೂಗುವವರಿಗೆ ಅದು ಎಂಟು ಕಿಲೋ, ಅಸಾಧ್ಯವಾದುದೇನಲ್ಲ.

ರಾತ್ರಿಯ ಊಟ ಹಗುರವಾಗಿರಲಿ, ಮಲಗುವುದಕ್ಕೆ ಮೂರು ತಾಸು ಮೊದಲೇ ಮುಗಿಯಲಿ. ಬೇಸಿಗೆಯನ್ನು ಬಿಟ್ಟು ಬೇರೆ ಕಾಲದಲ್ಲಿ ಹಗಲು ನಿದ್ದೆ ಕಫವನ್ನೂ ಮೇದಸ್ಸನ್ನೂ ಬೆಳೆಸುತ್ತದೆಂಬ ಶಾಸ್ತ್ರದ ಮಾತನ್ನು ನೆನಪಿಡಬೇಕು. ಅಂಗಾತ ಮಲಗದೆ ಮಗ್ಗುಲಾಗಿ ಮಲಗಬೇಕು. ಅದು ರೂಢಿಯಾಗುವ ತನಕ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಅದರಲ್ಲಿ ಚೆಂಡನ್ನಿಟ್ಟುಕೊಂಡರೆ ಅಂಗಾತವಾದಾಗ ಅದು ಒತ್ತಿ ಮಗ್ಗುಲು ಬದಲಿಸುತ್ತದೆ. ಮದ್ಯ ಗಂಟಲಿನ ಪೇಶಿಗಳನ್ನು ಇನ್ನಷ್ಟು ಸಡಿಲಿಸುತ್ತದೆ. ನಿದ್ರೆ ಬರಿಸುವ ಔಷಧ ಅಲೋಪತಿಯದಾಗಲಿ ನಮ್ಮ ಪದ್ಧತಿಯದಾಗಲಿ, ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ಈ ಕಾಯಿಲೆಯಿರುವುದನ್ನು ತಪ್ಪದೆ ತಿಳಿಸಬೇಕು. ಮಾಸ್ಕ್ ಅಥವಾ ಸಾಧನ ಬಳಸುತ್ತಿರುವವರು ಪಥ್ಯ, ಪ್ರಾಣಾಯಾಮ ಆರಂಭಿಸಿದೆವೆಂದು ಅದನ್ನು ತಾವಾಗಿ ಬಿಡಬಾರದು.

ಆ ಭಕ್ತರ ವಿಷಯ

ಅವರಿಗೆ ನಿದ್ರಾ ಪರೀಕ್ಷೆ ಮಾಡಿಸಿದಾಗ ಗಂಟೆಗೆ 22 ಸಲ ಉಸಿರು ತಡೆಯುತ್ತಿರುವುದು ತಿಳಿಯಿತು. ಮಾಸ್ಕನ್ನು ಒಂದು ತಿಂಗಳು ಪ್ರಯತ್ನಿಸಿ ಕೈಬಿಟ್ಟರು. ಬಳಿಕ ತಜ್ಞರ ಸಲಹೆಯಂತೆ ದಂತವೈದ್ಯರ ಬಳಿಗೆ ಹೋದರು. ಅವರು ಎರಡು ತಿಂಗಳು ವಸಡಿನ ಚಿಕಿತ್ಸೆ ಮಾಡಿ, ಆಮೇಲೆ ಸಾಧನ ಮಾಡಿಕೊಟ್ಟರು. ಹೊಂದಿಕೆ ಮುಗಿದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಆ ಸಂಖ್ಯೆ 6ಕ್ಕೆ ಇಳಿದಿತ್ತು. ಕಾಯಿಲೆ ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಅರ್ಧ ಗಂಟೆ ದವಡೆ ಬಿಗಿದಿರುತ್ತದೆಂದು ಈಗಲೂ ಹೇಳುತ್ತಾರೆ, ತೂಕ ಇಳಿಸುವ ಪ್ರಯತ್ನವೂ ನಡೆದೇ ಇದೆ. ಆದರೆ ಪೂಜೆಯಲ್ಲಿ ತಲೆ ವಾಲುವುದು ನಿಂತಿದೆ. ಅವರ ಪತ್ನಿಯೂ ರಾತ್ರಿ ಎದ್ದು ಕುಳಿತು ಗಂಡನ ಮೂಗಿನ ಬಳಿ ಬೆರಳಿಟ್ಟು ನೋಡುವುದನ್ನು ಬಿಟ್ಟಿದ್ದಾರೆ.

ಕಾಯಕವೂ ಪೂಜೆಯೂ ದಾಸೋಹವೂ ನಡೆಯುವುದು ಈ ಕಾಯದಿಂದಲೇ. ಕಾಯ ದಣಿದಿದ್ದರೆ ಅದನ್ನು ಮನಸ್ಸಿನ ದೋಷವೆಂದು ಎಣಿಸಿ ನೊಂದುಕೊಳ್ಳುವ ಮೊದಲು, ರಾತ್ರಿ ಅದಕ್ಕೆ ಉಸಿರು ಸರಿಯಾಗಿ ದೊರೆಯುತ್ತಿದೆಯೇ ಎಂದು ವಿಚಾರಿಸಬೇಕು. ತಮ್ಮ ಮನೆಯಲ್ಲಿ ಯಾರಾದರೂ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಇಂದು ರಾತ್ರಿ ಹತ್ತು ನಿಮಿಷ ಅವರ ಪಕ್ಕದಲ್ಲಿ ಎಚ್ಚರವಿದ್ದು ಆಲಿಸಿ. ಸದ್ದು ನಿಂತು, ಉಸಿರೂ ನಿಂತು, ಮತ್ತೆ ಬೆಚ್ಚಿದಂತೆ ಮರಳಿದರೆ ನಾಳೆಯೇ ವೈದ್ಯರಲ್ಲಿಗೆ ಕರೆದೊಯ್ಯಿರಿ, ಮತ್ತು ತಾವು ಕಂಡದ್ದನ್ನು ಹೇಳಲು ತಾವೂ ಜೊತೆಗೆ ಹೋಗಿರಿ. ಕಾಯಿಲೆಯುಳ್ಳವರು ತಾವಾಗಿ ಹೇಳಲಾಗದ ಏಕೈಕ ಲಕ್ಷಣವದು.